ಆರೋಗ್ಯಮಾತೆಯ ಮೊರೆಹೊಕ್ಕವರು

1898ರಲ್ಲಿ ಪ್ಲೇಗು ಎಂಬ ಮಹಾಮಾರಿಯು ಬೆಂಗಳೂರಿನ ಪೇಟೆಯನ್ನೂ ದಂಡುಪ್ರದೇಶವನ್ನೂ ಭೇದವೆಣಿಸದೆ ಆಕ್ರಮಿಸಿ, ಜನರು ಮನೆಮಠಗಳನ್ನು ತೊರೆದು ಬಯಲ ಗುಡಿಸಲುಗಳನ್ನು ಆಶ್ರಯಿಸಬೇಕಾಗಿ ಬಂದಾಗ, ಇಂದು ಶಿವಾಜಿನಗರವೆನಿಸಿರುವ ಬ್ಲ್ಯಾಕ್‌ಪಳ್ಳಿಯಲ್ಲಿ 1882ರಲ್ಲಿ ಪ್ರತಿಷ್ಠಿತವಾಗಿದ್ದ ಸಂತ ಮರಿಯಮ್ಮನವರ ದೇವಾಲಯದಲ್ಲಿ ಆರ್ತರು ಆರೋಗ್ಯಮಾತೆಯೆನಿಸಿದ ಮರಿಯಮ್ಮನಿಗೆ ಮೊರೆಯಿಟ್ಟರೆಂದು ಭಕ್ತಪರಂಪರೆ ಹೇಳುತ್ತದೆ.

ಇಂಥ ಮೊರೆಯಲ್ಲಿ ತನಗಾಗಿ ಬೇಡುವುದು ಸುಲಭ. ನೆರೆಯವನ ಕ್ಲೇಶಕ್ಕಾಗಿ, ಕಾಣದ ದೇಶಗಳ ಶಾಂತಿಗಾಗಿ ಬೇಡುವ ಮಧ್ಯಸ್ಥಪ್ರಾರ್ಥನೆಯು ಕ್ರೈಸ್ತರ ಪೂಜಾವಿಧಿಯಲ್ಲಿ ಪುರಾತನವಾದರೂ, ಈ ದೇವಾಲಯದ ಸೆಪ್ಟೆಂಬರ್ 8ರ ಉತ್ಸವಕ್ಕೆ ಕಾವಿಯುಟ್ಟು ಬರುವ ಹರಕೆಯವರನ್ನೂ, ಸೀರೆಯುಟ್ಟ ಮಾತೆಯೆದುರು ಮೇಣದಬತ್ತಿ ಹಚ್ಚುವ ಅನ್ಯಮತೀಯರನ್ನೂ ಕಂಡಾಗ, ಇಲ್ಲಿ ಅದು ಈ ಮಣ್ಣಿನದೇ ಆಯಿತೆಂದು ನನ್ನ ಎಣಿಕೆ. ರೋಮಾಪುರಿಯು ಈ ದೇವಾಲಯಕ್ಕೆ ಬೆಸಿಲಿಕವೆಂಬ ಗೌರವಪದವಿಯನ್ನಿತ್ತುದು 1973ರಲ್ಲಿ. ಜನರ ಮನ್ನಣೆ ಅದಕ್ಕಿಂತ ಬಹು ಹಿಂದಿನದು.