ಸುಸ್ತು ಎಂದು ಬಂದವರು

ಪುಣೆಯ ಜನರಲ್ ಆಸ್ಪತ್ರೆಯೊಂದರಲ್ಲಿ 352 ಹೊರರೋಗಿಗಳನ್ನು ಮಾತಾಡಿಸಿ ಮಾಡಿದ ಅಧ್ಯಯನದ ವರದಿಗಳು 2007 ಮತ್ತು 2011ರಲ್ಲಿ ಪ್ರಕಟವಾದವು. ಮನೋವೈದ್ಯರನ್ನು ಕಾಣಲು ಬಂದವರು ಅವರಲ್ಲಿ ಒಂದು ಪಾಲು ಮಾತ್ರ. ಉಳಿದವರು ಜನರಲ್ ಮೆಡಿಸಿನ್, ಚರ್ಮರೋಗ, ಆಯುರ್ವೇದ ವಿಭಾಗಗಳಿಗೆ ಬಂದವರು. ಎಲ್ಲರ ದೂರೂ ಒಂದೇ: ಮೈಯಲ್ಲಿ ತ್ರಾಣವಿಲ್ಲ, ಸುಸ್ತು. ಪುಣೆಯ ಕೆಇಎಂ ಆಸ್ಪತ್ರೆ ಸಂಶೋಧನಾ ಕೇಂದ್ರದ ವಾಸುದೇವ ಪರಳೀಕರ್, ‘ಘಾಶೀರಾಮ್ ಕೋತ್ವಾಲ್’ ನಾಟಕದ ನಾನಾ ಫಡ್ನವೀಸನಾಗಿ ಹೆಸರಾದ ಮನೋವೈದ್ಯ ಮೋಹನ್ ಆಗಾಶೆ, ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಮಿಚೆಲ್ ವೈಸ್ ಈ ತಂಡದಲ್ಲಿದ್ದರು.

ಈ ಸುಸ್ತಿಗೆ ಅಮೆರಿಕದ ಜಾರ್ಜ್ ಬಿಯರ್ಡ್ 1869ರಲ್ಲೇ ನ್ಯೂರಸ್ತೀನಿಯಾ, ಅಂದರೆ ನರಗಳ ದೌರ್ಬಲ್ಯ, ಎಂದು ಹೆಸರಿಟ್ಟಿದ್ದ. ಪಶ್ಚಿಮದಲ್ಲಿ ಆ ಹೆಸರು ಮಾಸಿದ ಮೇಲೂ ಚೀನಾದಲ್ಲಿ ಉಳಿಯಿತು. ಅಲ್ಲಿನ ಹುನಾನ್‌ನಲ್ಲಿ ಇದೇ ಕಾಯಿಲೆಯೆಂದು ಗುರುತಿಸಲಾಗಿದ್ದ 100 ಮಂದಿಯನ್ನು ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಪರೀಕ್ಷಿಸಿದಾಗ 87 ಮಂದಿಯಲ್ಲಿ ತೀವ್ರ ಖಿನ್ನತೆ ಕಂಡಿತು. 1982ರ ಆ ವರದಿ ಈ ಕ್ಷೇತ್ರವನ್ನೇ ಅಲುಗಿಸಿತು.

ಅದಕ್ಕೂ ಮೊದಲು ಬೇರೂರಿದ್ದ ನಂಬಿಕೆಯೊಂದು ನಮ್ಮವರಿಗೆ ಬಹಳ ಅನ್ಯಾಯ ಮಾಡಿದೆ. ಬಡ ದೇಶಗಳ ಜನ ಭಾವನೆಗಳನ್ನು ಬಿಡಿಸಿ ಹೇಳಲಾರರು, ಆದ್ದರಿಂದಲೇ ಮೈಕೈ ನೋವೆನ್ನುತ್ತಾರೆ ಎಂಬುದು ಆ ವಾದದ ಸಾರ. ಇದನ್ನು ಒರೆಗೆ ಹಚ್ಚಿದ್ದು ಬೆಂಗಳೂರಿನ ನಿಮ್ಹಾನ್ಸ್. ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಮತ್ತು ಇದೇ ವೈಸ್ ಅಲ್ಲಿ 80 ಮಂದಿ ರೋಗಿಗಳನ್ನು ಮಾತಾಡಿಸಿದರು. ಮುಂಬೈಯ ಕುಷ್ಠರೋಗಿಗಳ ಅಧ್ಯಯನಕ್ಕೂ ಬಳಸಿದ್ದ ಸಂದರ್ಶನ ಕ್ರಮವೇ ಇಲ್ಲಿಯದೂ. ಏನು ತೊಂದರೆ, ಅದರಲ್ಲಿ ಹೆಚ್ಚು ಕಾಡುವುದು ಯಾವುದು, ಯಾಕೆ ಬಂತು ಅನ್ನಿಸುತ್ತದೆ, ಎಲ್ಲೆಲ್ಲಿ ತೋರಿಸಿದಿರಿ, ನಾಲ್ಕು ಜನರಿಗೆ ಗೊತ್ತಾದರೆ ಏನಾಗಬಹುದು? ಹೀಗೆ ಕೇಳಿ, ರೋಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು.

1996ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು. ಖಿನ್ನತೆಯ ಲಕ್ಷಣ ಹೆಚ್ಚಿದಷ್ಟೂ ಕಳಂಕದ ಭಯ ಹೆಚ್ಚು. ದೈಹಿಕ ದೂರು ಹೆಚ್ಚಿದಷ್ಟೂ ಆ ಭಯ ಕಡಿಮೆ. ತಲೆನೋವು, ಮೈಕೈ ನೋವು ಯಾರಿಗೆ ಬರುವುದಿಲ್ಲ? ಮನಸ್ಸು ಕೆಟ್ಟಿದೆ ಎಂದರೆ ಮದುವೆ ಸಂಬಂಧಗಳೇ ತಪ್ಪಿಹೋಗಬಹುದು. ಮೈಯ ನೋವನ್ನು ಮುಂದಿಡುವುದರ ಹಿಂದೆ ಇಷ್ಟು ಲೋಕಜ್ಞಾನವಿರುವಾಗ ಅದನ್ನು ಅಜ್ಞಾನವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದು ನಮ್ಮ ದೇಶದ ವಿಶೇಷವೂ ಅಲ್ಲವೆಂದು ಮೂರೇ ವರ್ಷದಲ್ಲಿ ತಿಳಿಯಿತು. ಬೆಂಗಳೂರೂ ಸೇರಿ 14 ದೇಶಗಳ 15 ಕೇಂದ್ರಗಳಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ 1999ರ ವಿಶ್ಲೇಷಣೆಯ ಪ್ರಕಾರ, ಖಿನ್ನತೆಯಿದ್ದ 1,146 ಮಂದಿಯಲ್ಲಿ ಶೇ 69ರಷ್ಟು ಜನ ವೈದ್ಯರ ಬಳಿ ಬರೀ ದೈಹಿಕ ತೊಂದರೆ ಹೇಳಿಕೊಂಡು ಬಂದಿದ್ದರು. ನೇರವಾಗಿ ಕೇಳಿದಾಗಲೂ ಮನಸ್ಸಿನ ಲಕ್ಷಣಗಳಿಲ್ಲ ಎಂದವರು ಶೇ 11 ಮಾತ್ರ. ಕೇಳಿದರೆ ಹೇಳುತ್ತಾರೆ. ಕೇಳುವವರಿಲ್ಲ.

ನೋವಂತೂ ಸುಳ್ಳಲ್ಲ. ಚಿಂತೆ ಬಹುಕಾಲ ಕಾಡಿದರೆ ಕತ್ತು, ಭುಜದ ಸ್ನಾಯುಗಳು ಬಿಗಿದೇ ಇರುತ್ತವೆ, ಎದೆ ಡವಗುಟ್ಟುತ್ತದೆ, ಹೊಟ್ಟೆ ಕೆಡುತ್ತದೆ. ನಿದ್ದೆಗೆಟ್ಟವರಿಗೆ ಸಣ್ಣ ನೋವೂ ದೊಡ್ಡದಾಗುತ್ತದೆ. ಹಿಮೋಗ್ಲೋಬಿನ್, ಥೈರಾಯಿಡ್ ಪರೀಕ್ಷೆ ಮಾಡಿಸಲೇಬೇಕು. ಆದರೆ ರಿಪೋರ್ಟು ನಾರ್ಮಲ್ ಬಂದ ಕೂಡಲೇ ‘ನಿಮಗೇನೂ ಆಗಿಲ್ಲ’ ಎಂದು ಒಂದು ಟಾನಿಕ್ ಬರೆದು ಕಳಿಸಿದರೆ ರೋಗಿ ಮುಂದಿನ ಕ್ಲಿನಿಕ್ಕಿನ ದಾರಿ ಹಿಡಿಯುತ್ತಾರೆ.

ಪುಣೆಯ ಅಧ್ಯಯನದ ಬೆಲೆ ಇರುವುದು ಇಲ್ಲೇ. ರೋಗಿ ಎಲ್ಲಿ ಹೋಗುತ್ತಾರೋ ಅಲ್ಲಿಗೇ ಅದು ಹೋಯಿತು. ಅದೇ 352 ಮಂದಿಗೆ ಅಮೆರಿಕದ್ದು, ಚೀನಾದ್ದು, ವಿಶ್ವ ಆರೋಗ್ಯ ಸಂಸ್ಥೆಯದು ಎಂದು ಬೇರೆ ಬೇರೆ ಮಾನದಂಡಗಳನ್ನು ಹಚ್ಚಿ ನೋಡಿದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಹೆಸರುಗಳು ಆಮೇಲೂ ಬದಲಾಗುತ್ತಲೇ ಇವೆ: 2022ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ನ್ಯೂರಸ್ತೀನಿಯಾ ಪ್ರತ್ಯೇಕ ಕಾಯಿಲೆಯಾಗಿ ಉಳಿದಿಲ್ಲ.

ಹೆಸರಿಗೆ ಕಾಯದೆ ಚಿಕಿತ್ಸೆ ಸಾಧ್ಯವೆಂಬುದನ್ನು ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ತೋರಿಸಿತು. ವೈದ್ಯಕೀಯ ಓದಿರದ ಸ್ಥಳೀಯರಿಗೆ ಆಪ್ತಸಮಾಲೋಚನೆಯ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. 2010ರ ವರದಿಯಂತೆ, ಸರ್ಕಾರಿ ಕೇಂದ್ರಗಳಲ್ಲಿ ಅವರ ನೆರವು ಪಡೆದವರಲ್ಲಿ ಶೇ 65.9ರಷ್ಟು ಮಂದಿ ಆರು ತಿಂಗಳಲ್ಲಿ ಚೇತರಿಸಿಕೊಂಡರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ 42.5.