ಕಾಲೇಜು ಸೀಟಿಗೆ ಅಂಕ ಒಂದೇ ಸಾಲದು: 371 ಜೆ, ಗ್ರಾಮೀಣ ಕೋಟಾ, 7 ವರ್ಷದ ನಿಯಮ – ಪೋಷಕರು ತಿಳಿದಿರಬೇಕಾದ ವಿಷಯಗಳು

ಪಿಯುಸಿ ರಿಸಲ್ಟ್ ಬಂದ ದಿನ ಅಂಗಡಿ ಕಟ್ಟೆ ಮೇಲೆ ಕೇಳೋ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟ್ ಆತು?’ ಅನ್ನೋದು. ಆದರೆ ಮಕ್ಕಳು ಯಾವ ಊರಿನ ಯಾವ ಕಾಲೇಜಿಗೆ ಸೇರ್ತಾರೆ ಅನ್ನೋದನ್ನು ಪರ್ಸೆಂಟೇಜ್ ಒಂದೇ ತೀರ್ಮಾನ ಮಾಡಲ್ಲ. ದೆಹಲಿಯಲ್ಲಿ ಆದ ಸಂವಿಧಾನ ತಿದ್ದುಪಡಿ, ಬೆಂಗಳೂರಿನಲ್ಲಿ ಹೊರಟ ಸರ್ಕಾರಿ ಆದೇಶ, ಒಂದನೇ ಕ್ಲಾಸಿಗೆ ಸೇರಿಸಿದ ಶಾಲೆ ಎಲ್ಲಿತ್ತು ಅನ್ನೋದು – ಇವೆಲ್ಲ ಸೇರಿ ಸೀಟು ನಿರ್ಧಾರ ಆಗುತ್ತೆ. ಒಂದೇ ರ‍್ಯಾಂಕ್ ಇರುವ ಇಬ್ಬರಲ್ಲಿ ಒಬ್ಬರಿಗೆ ಸರ್ಕಾರಿ ಸೀಟು ಸಿಕ್ಕು, ಇನ್ನೊಬ್ಬರು ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಕಟ್ಟಬೇಕಾಗಿ ಬರೋದು ಇದೇ ಕಾರಣಕ್ಕೆ.

371 ಜೆ: ಕಲ್ಯಾಣ ಕರ್ನಾಟಕದವರ ದೊಡ್ಡ ಆಸರೆ

ಹೈದರಾಬಾದ್ ಕರ್ನಾಟಕದ ಹಿಂದುಳಿದಿರುವಿಕೆ ಬಗ್ಗೆ ವರ್ಷಗಟ್ಟಲೆ ನಡೆದ ಹೋರಾಟದ ಫಲವಾಗಿ 98ನೇ ತಿದ್ದುಪಡಿ ಮೂಲಕ 371 ಜೆ ಕಲಂ ಸಂವಿಧಾನಕ್ಕೆ ಸೇರಿತು. 2012ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿ, 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. 2019ರಲ್ಲಿ ಈ ಭಾಗದ ಹೆಸರು ಕಲ್ಯಾಣ ಕರ್ನಾಟಕ ಆಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಇದರ ವ್ಯಾಪ್ತಿಗೆ ಬರ್ತವೆ.

ಪ್ರವೇಶದ ಲೆಕ್ಕ ಹೀಗಿದೆ: ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. ಈ ಭಾಗದ ಹೊರಗೆ, ಅಂದರೆ ಬೆಂಗಳೂರು, ಮೈಸೂರು ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು. ಜಿಮ್ಸ್, ರಿಮ್ಸ್, ಬ್ರಿಮ್ಸ್‌ನಂಥ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಸ್ಥಳೀಯ ಮಕ್ಕಳು ಹೆಚ್ಚು ಕಾಣೋದಕ್ಕೆ ಇದೂ ಒಂದು ಕಾರಣ.

ಆದರೆ ಈ ಭಾಗದಲ್ಲಿ ಹುಟ್ಟಿದ ಮಾತ್ರಕ್ಕೆ ಸೀಟು ತಾನಾಗೇ ಬರಲ್ಲ. ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕೇ ಬೇಕು. ಅದಕ್ಕೆ ಹುಟ್ಟು, ವಾಸ, ವ್ಯಾಸಂಗದ ದಾಖಲೆ ಕೇಳ್ತಾರೆ. ಇನ್ನೊಂದು ತಪ್ಪು ತಿಳಿವಳಿಕೆ ಅಂದರೆ, ಇದು ಜಾತಿ ಮೀಸಲಾತಿ ಇರುವವರಿಗೆ ಮಾತ್ರ ಅನ್ನೋದು. ಹಾಗಲ್ಲ. ಸಾಮಾನ್ಯ ವರ್ಗದವರಿಗೂ ಅನ್ವಯ ಆಗುತ್ತೆ. ಜಾತಿ ಮೀಸಲಾತಿ ಈ ಶೇ 70ರ ಒಳಗೂ ಲೆಕ್ಕಕ್ಕೆ ಬರುತ್ತೆ. ತಂದೆ, ಅಜ್ಜನ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇದ್ದರೆ ಪ್ರಮಾಣಪತ್ರ ತಡ ಆಗೋದು ಗ್ಯಾರಂಟಿ. ಸಿಇಟಿ ಅರ್ಜಿ ಹಾಕೋ ವಾರದಲ್ಲಿ ಓಡಾಡಿದರೆ ಆಗೋ ಕೆಲಸ ಇದಲ್ಲ.

ಒಂದನೇ ಕ್ಲಾಸಿನಲ್ಲೇ ತೀರ್ಮಾನ ಆಗೋ ಕೋಟಾ

ಸಿಇಟಿ ಪ್ರವೇಶದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಪೂರ್ತಿ 10 ವರ್ಷದ ಓದು ಲೆಕ್ಕ.

ಇಲ್ಲಿ ಬಹಳ ಮಂದಿ ಎಡವೋದು ಎಲ್ಲಿ ಅಂದ್ರೆ, ಗ್ರಾಮೀಣ ಕೋಟಾಕ್ಕೆ ನೋಡೋದು ಮನೆ ಎಲ್ಲಿದೆ ಅಂತ ಅಲ್ಲ, ಶಾಲೆ ಎಲ್ಲಿತ್ತು ಅಂತ. ಹಳ್ಳಿಯಲ್ಲೇ ಇದ್ದು, ದಿನಾ ಶಾಲಾ ವ್ಯಾನ್ ಹತ್ತಿ ತಾಲೂಕು ಕೇಂದ್ರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದ ಮಗುವಿಗೆ ಎರಡೂ ಕೋಟಾ ತಪ್ಪುತ್ತೆ. ಪುರಸಭೆ, ನಗರಸಭೆ ಅಷ್ಟೇ ಅಲ್ಲ, ಪಟ್ಟಣ ಪಂಚಾಯಿತಿ ಊರೂ ಗ್ರಾಮೀಣ ಅಂತ ಲೆಕ್ಕ ಆಗಲ್ಲ. ಹತ್ತರಲ್ಲಿ ಎರಡು ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಕೋಟಾ ಹೋಯ್ತು. ಹಳ್ಳಿ ಶಾಲೆಯಲ್ಲಿ ಓದಿದವರ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ಸಾಮಾನ್ಯ ವರ್ಗದವರಾದರೆ ಆದಾಯಕ್ಕೆ ಸಂಬಂಧಿಸಿದ ಪ್ರಮಾಣಪತ್ರವನ್ನೂ ಕೊಡಬೇಕು.

ಗುಳೆ ಹೋದವರ ಮಕ್ಕಳಿಗೆ 7 ವರ್ಷದ ನಿಯಮ

ರಾಜ್ಯದ ಸರ್ಕಾರಿ ಕೋಟಾ ಸೀಟಿಗೆ ಸಾಮಾನ್ಯವಾಗಿ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ಕೆಲಸಕ್ಕಂತ ಹೈದರಾಬಾದ್, ಮುಂಬೈ, ಗೋವಾ ಕಡೆ ಹೋಗಿ ಅಲ್ಲೇ ಮಕ್ಕಳನ್ನು ಓದಿಸಿದ ಕುಟುಂಬಗಳಿಗೆ ಇದು ದೊಡ್ಡ ತೊಡಕು. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಓದಿದ್ದರೆ ಬೇರೆ ಷರತ್ತಿನಡಿ ಅವಕಾಶ ಇದೆ. ಅದಕ್ಕೆ ಅವರ ಹಳೇ ಶಾಲಾ ದಾಖಲೆ ತೆಗೆಸಬೇಕು. ರಾಜ್ಯದ ಹೊರಗಿರುವ ಕಾಸರಗೋಡು, ಜತ್ತ, ಅಕ್ಕಲಕೋಟೆಯಂಥ ಗಡಿ ಭಾಗದ ಕನ್ನಡಿಗರಿಗೂ ಪ್ರತ್ಯೇಕ ಷರತ್ತು ಇದೆ.

‘ಇಲ್ಲಿ ಸಿಗಲಿಲ್ಲ ಅಂದ್ರ ಹೈದರಾಬಾದ್‌ಗೆ ಹಾಕಿದ್ರಾಯ್ತು’ ಅನ್ನೋ ಮಾತೂ ಅಷ್ಟು ಸುಲಭ ಇಲ್ಲ. ಆಂಧ್ರ, ತೆಲಂಗಾಣ ಭಾಗದಲ್ಲಿ 371 ಡಿ ಕಲಂ ಮತ್ತು 1974ರ ರಾಷ್ಟ್ರಪತಿ ಆದೇಶದ ಅಡಿ ಶೇ 85 ಸೀಟು ಅಲ್ಲಿನ ಸ್ಥಳೀಯರಿಗೆ ಅಂತ ನಿಗದಿಯಾಗಿತ್ತು. 371 ಜೆ ಬೇಡಿಕೆಗೆ ಮಾದರಿ ಆಗಿದ್ದೂ ಅದೇ ಕಲಂ.

ಬಸ್ಸು, ಸಮವಸ್ತ್ರ, ವಿವಿ: ಸರ್ಕಾರ ಬದಲಾದರೆ ಲೆಕ್ಕವೂ ಬದಲು

ಎಲ್ಲ ನಿಯಮವೂ ಸೀಟು ಹಂಚಿಕೆಯದ್ದೇ ಆಗಿರಬೇಕಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಉಳೀತು. ‘ಊರಲ್ಲಿರೋ ಕಾಲೇಜೇ ಸಾಕು’ ಅನ್ನುತ್ತಿದ್ದ ಮನೆಗಳಿಗೆ ದೂರದ ಕಾಲೇಜನ್ನೂ ಲೆಕ್ಕಕ್ಕೆ ತಗೊಳ್ಳೋ ದಾರಿ ಆಯಿತು. ಆದರೆ ಬಸ್ ಫ್ರೀ ಇದ್ದರೆ ಸಾಲದು, ಕಾಲೇಜಿನ ಟೈಮಿಗೆ ಬಸ್ ಬರಬೇಕು. ಸೇರೋ ಮೊದಲು ಬೆಳಗಿನ, ಸಂಜೆಯ ಬಸ್ ವೇಳೆ ವಿಚಾರಿಸೋದು ಒಳ್ಳೇದು.

ಹಿಜಾಬ್ ವಿಷಯವೂ ಹಾಗೇ. ಉಡುಪಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಶುರುವಾದ ವಿವಾದದ ನಡುವೆ 2022ರ ಫೆಬ್ರುವರಿ 5ರಂದು ಸರ್ಕಾರ ಸಮವಸ್ತ್ರ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಈ ನಡುವೆ ಕೆಲವು ವಿದ್ಯಾರ್ಥಿನಿಯರು ಟಿಸಿ ತಗೊಂಡು ಬೇರೆ ಕಾಲೇಜು ಹುಡುಕಿದರು, ಕೆಲವರ ಓದು ಅರ್ಧಕ್ಕೆ ನಿಂತಿತು. ಅವರ ಕಾಲೇಜು ಬದಲಾಗಿದ್ದು ಅಂಕದಿಂದಲ್ಲ.

ವಿಶ್ವವಿದ್ಯಾಲಯಗಳದ್ದೂ ಇದೇ ಕಥೆ. 2022ರ ಕಾನೂನು ತಿದ್ದುಪಡಿಯಿಂದ ಬೀದರ್, ಕೊಪ್ಪಳ ಸೇರಿ 7 ಹೊಸ ವಿವಿಗಳು ಹುಟ್ಟಿದವು. ಸರ್ಕಾರ ಬದಲಾದ ಮೇಲೆ, 2025ರ ಫೆಬ್ರುವರಿಯಲ್ಲಿ ಅನುದಾನ, ಸಿಬ್ಬಂದಿ ಕೊರತೆ ಕಾರಣಕ್ಕೆ ಹೊಸ ವಿವಿಗಳ ಪೈಕಿ 9ನ್ನು ಮುಚ್ಚುವ ಪ್ರಸ್ತಾವ ಸಂಪುಟ ಉಪಸಮಿತಿ ಮುಂದೆ ಬಂತು. ಡಿಗ್ರಿಗೆ ಸೇರುವಾಗ ಕಾಲೇಜು ಯಾವ ವಿವಿಗೆ ಸೇರಿದೆ ಅನ್ನೋದನ್ನೂ ಕೇಳಿಕೊಳ್ಳಬೇಕಾದ ಕಾಲ ಇದು.

ಈಗಲೇ ಮಾಡಬೇಕಾದ್ದು

* ಮಕ್ಕಳು 10ನೇ ತರಗತಿಯಲ್ಲಿದ್ದಾಗಲೇ ಆಧಾರ್, ಶಾಲಾ ದಾಖಲೆ, ತಂದೆ-ತಾಯಿ ದಾಖಲೆಗಳಲ್ಲಿ ಹೆಸರು ಒಂದೇ ತರ ಇದೆಯಾ ನೋಡಿಕೊಳ್ಳಿ.
* ಪ್ರಥಮ ಪಿಯುಸಿ ರಜೆಯಲ್ಲೇ 371 ಜೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.
* ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತೆಗೆಸಿ, ಬೇಕಾದ ಕಡೆ ಬಿಇಒ ಮೇಲುಸಹಿ ಮಾಡಿಸಿ.
* ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ.
* ಸೈಬರ್ ಸೆಂಟರ್‌ನಲ್ಲಿ ಸಿಇಟಿ ಅರ್ಜಿ ತುಂಬಿಸುವಾಗ ಪಕ್ಕದಲ್ಲೇ ಕೂತು 371 ಜೆ, ಗ್ರಾಮೀಣ, ಕನ್ನಡ ಮಾಧ್ಯಮದ ಕಾಲಂಗಳನ್ನು ನೀವೇ ಓದಿ. ಅರ್ಜಿಯಲ್ಲಿ ಕೇಳದ ಕೋಟಾವನ್ನು ಆಮೇಲೆ ಪಡೆಯೋದು ಬಹಳ ಕಷ್ಟ.
* ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಆಯಾ ವರ್ಷದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕ ನೋಡಿಯೇ ಮುಂದುವರಿಯಿರಿ.