ಬಲೂನಿಗೆ ಸಿಗದ ಗ್ಯಾಸು

ಮಗಳಿಗೆ ಶಾಲೆಯ ಪ್ರಾಜೆಕ್ಟು: ಸೋಡಾದಲ್ಲಿ ಗ್ಯಾಸ್ ಎಷ್ಟಿದೆ ಅಂತ ಅಳೆಯೋದು. ಅರ್ಧ ಲೀಟರ್ ಬಾಟ್ಲಿಯನ್ನ ಮುಚ್ಚಳ ಸಮೇತ ತೂಗಿ, ತೆರೆದು, ಗುಳ್ಳೆ ನಿಲ್ಲುವ ತನಕ ಅಲ್ಲಾಡಿಸಿ ಮತ್ತೆ ತೂಗಿದಳು. 3 ಗ್ರಾಂ ಕಮ್ಮಿ. ಅಂದರೆ ಸುಮಾರು ಒಂದೂವರೆ ಲೀಟರ್ ಗ್ಯಾಸು. ಇನ್ನೊಂದು ಬಾಟ್ಲಿಯ ಬಾಯಿಗೆ ಬಲೂನು ಕಟ್ಟಿದರೆ ಸಿಕ್ಕಿದ್ದು ಒಂದು ಲೀಟರೂ ಇಲ್ಲ. "ಅಪ್ಪಾ, ಬಲೂನಿನ ಅಂಕಿ ತಿದ್ದಿಬಿಡ್ಲಾ?"

ತಡಿ ಅಂದೆ. ಕತೆ ಶುರುವಾಗೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯ ಮನೆ ಪಕ್ಕದಲ್ಲೇ ಬಿಯರ್ ಭಟ್ಟಿ. ಹುದುಗುವ ಬಿಯರಿನ ಮೇಲೆ ಮಡುಗಟ್ಟಿದ್ದ ಗಾಳಿಯಲ್ಲಿ ಪಾತ್ರೆಯಿಂದ ಪಾತ್ರೆಗೆ ನೀರು ಸುರಿದು ನೋಡಿದರು. ನೀರು ಸೋಡಾ ಆಯ್ತು! 1772ರಲ್ಲಿ, ಸೀಮೆಸುಣ್ಣಕ್ಕೆ ಗಂಧಕಾಮ್ಲ ಹಾಕಿ ಅದೇ ಗಾಳಿ ಪಡೆಯುವ ಕ್ರಮವನ್ನು ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸಿದರು. ದುಡ್ಡು ಮಾಡಲು ಹೋಗಲಿಲ್ಲ. ಆ ಕೆಲಸವನ್ನು 1783ರಲ್ಲಿ ಜಿನೀವಾದ ಜೇಕಬ್ ಶ್ವೆಪ್ ಶುರುಮಾಡಿದ.

ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1803ರಲ್ಲಿ, ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಯಿಂದ. ಅವರ ಮನೆತನದ್ದೂ ಸೋಡಾ ವ್ಯಾಪಾರವೇ. ನೀರಿನ ಮೇಲೆ ಗ್ಯಾಸಿನ ಒತ್ತಡ ಎಷ್ಟೋ, ಅದಕ್ಕೆ ತಕ್ಕಷ್ಟೇ ಗ್ಯಾಸು ಒಳಗೆ ಕರಗಿರುತ್ತದೆ ಅಂತ ಅವರು ಅಳೆದು ತೋರಿಸಿದರು. ಬಲೂನಿನಲ್ಲಿ ತುಂಬಿದ್ದು ಅದೇ ಗ್ಯಾಸು ತಾನೆ? ಹಾಗಾಗಿ ಒಂದಷ್ಟು ನೀರಲ್ಲೇ ಉಳಿಯಿತು. ಮುಚ್ಚಳ ತೆಗೆದಾಗ ಬುಸ್ ಅಂದದ್ದೂ ಕೈಗೆ ಸಿಗಲಿಲ್ಲ.

ಮಗಳು ತಿದ್ದಲಿಲ್ಲ. ಎರಡೂ ಅಂಕಿ ಬರೆದು, ಕೆಳಗೆ 'ಯಾಕೆ' ಅಂತ ಸೇರಿಸಿದಳು. ನನಗಂತೂ ಆ 'ಯಾಕೆ'ಯೇ ನಿಜವಾದ ಪ್ರಾಜೆಕ್ಟು ಅನ್ನಿಸ್ತು.